ಹಿತ್ತಾಳೆಯ ತಡೆ

ತೀರಿಹೋದ ಅಣ್ಣ ಬಡಿದಿಟ್ಟಿದ್ದ ಕೊನೆಯ ಅಲಗಿಗೆ ತಂಗಿ ಹಿಡಿ ಕೂರಿಸಲು ಹೊರಟಿದ್ದಳು. ಅದಕ್ಕೂ ಮೊದಲು, ಬೆರಳು ಅಲಗಿನತ್ತ ಜಾರದಂತೆ ಕಾಯುವ ಹಿತ್ತಾಳೆಯ ತಡೆ ಕೂರಬೇಕು. ಅಣ್ಣ ಇದ್ದಾಗ, ತಡೆ ಸರಿಯಾಗಿ ಕೂತದ್ದನ್ನು ಸದ್ದಿನಲ್ಲೇ ತಿಳಿದು, ಒಳಕೋಣೆಯಿಂದಲೇ "ಸಾಕು ಬಿಡೇ" ಅನ್ನುತ್ತಿದ್ದ. ಅವಳು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದಳು.

"ಸಾಕು ಬಿಡೇ."

ಒಳಕೋಣೆಯಿಂದ ಅಣ್ಣನದೇ ದನಿ. ಅವಳು ಸುತ್ತಿಗೆ ಕೆಳಗಿಟ್ಟು ನೋಡಿದಳು. ತಡೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತ್ತು. ಅಷ್ಟರಲ್ಲಿ ಅತ್ತಿಗೆ ಒದ್ದೆ ಕೈಯಲ್ಲೇ ಓಡಿ ಬಂದಳು.

"ನಿಂಗೂ ಕೇಳಿಸ್ತಾ?"

"ಹೂಂ ಅತ್ತಿಗೆ."

ಅತ್ತಿಗೆ ಹೊಸಿಲ ಮೇಲೆ ಕೂತಳು. "ಇನ್ನೊಂದೇಟು ಹಾಕು. ಮತ್ತೆ ಹೇಳ್ತಾರೇನೋ."

ಇನ್ನೊಂದೇಟಿಗೆ ಹಿತ್ತಾಳೆ ಬಿರಿಯುತ್ತದೆಂದು ಗೊತ್ತಿದ್ದೂ ತಂಗಿ ಬಡಿದಳು. ಅದು ಬಿರಿಯಿತು. ಒಳಕೋಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಅತ್ತಿಗೆ ಕಣ್ಣೊರೆಸಿಕೊಂಡಳು. "ಬೇರೆ ತಡೆ ಮಾಡು. ಅಲ್ಲೀವರೆಗೂ ನಾನಿಲ್ಲೇ ಕೂತಿರ್ತೀನಿ."