ಹನ್ನೆರಡನೇ ಜೊತೆ ಕಾಲು

"ಎತ್ತಮ್ಮಿ ಕಾಲ! ಥೂ, ಇದೇನ್ ಕಾಲೋ ಎಮ್ಮೆ ಗೊರಸೋ?"

ಚರ್ಚಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ದೊರೆಸ್ವಾಮಿ ಮೂಗು ಮುಚ್ಚಿಕೊಂಡ. ಚರ್ಚ್ ಕಮಿಟಿಯ ಹಿರಿಯ ಇವನು. ತೆರಕಣಾಂಬಿ ರಸ್ತೆಯಲ್ಲಿ ಆರೆಕರೆ ಅರಿಸಿನ ಬೆಳೆಯುವ ಯಜಮಾನ. ನಾಳೆ ಪವಿತ್ರ ಗುರುವಾರ. ಯೇಸು ಹನ್ನೆರಡು ಜನ ಶಿಷ್ಯರ ಕಾಲು ತೊಳೆದ ಹಾಗೆ, ಮೈಸೂರಿನಿಂದ ಬರುವ ದೊಡ್ಡ ಗುರುಗಳು ಊರಿನ ಹನ್ನೆರಡು ಮಂದಿಯ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಯೂಟ್ಯೂಬಿನಲ್ಲಿ ಲೈವ್ ಬೇರೆ. ಹನ್ನೊಂದು ಜೊತೆ ಕಾಲು ಕಮಿಟಿಯವರ ಮನೆಗಳಲ್ಲೇ ಸಿಕ್ಕಿದ್ದವು, ಒಂದಕ್ಕಿಂತ ಒಂದು ನುಣುಪು. ಆದರೆ ಗುರುಗಳು ಫೋನು ಮಾಡಿ, ಒಬ್ಬಳಾದರೂ ಕೂಲಿ ಹೆಂಗಸು ಇರಲಿ, ನೋಡುವವರ ಮನಸ್ಸು ಕರಗಬೇಕು ಅಂದುಬಿಟ್ಟಿದ್ದರು. ಕಾಲೋನಿಯ ರಾಚಮ್ಮನ ಪಾದಕ್ಕೆ ಯೋಗ ಬಂದಿದ್ದು ಹೀಗೆ.

ಪಾದವೋ! ಮೂರು ತಿಂಗಳಿಂದ ಇವನದೇ ಹೊಲದಲ್ಲಿ ಅರಿಸಿನ ಅಗೆದು, ಬೇಯಿಸಿ, ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ಮನೆ ಮಾಡಿತ್ತು.

"ತಿಕ್ಕಿ ತೊಳ್ಕಂಡ್ ಬಾ ಕಣಮ್ಮಿ. ಸೋಪಾಕು, ನಿಂಬೆಅಣ್ಣಾಕು. ದೊಡ್ಡೋರು ಮುತ್ತಿಕ್ಕೋ ಕಾಲು."

"ತೊಳ್ಕಂಡೇ ಬಂದ್ರೆ ಅವ್ರೇನ್ ತೊಳ್ದಾರು ಬುದ್ಧಿ?"

"ಬಾಯ್ಮುಚ್ಚಮ್ಮಿ ಮುಂಡೆ. ದೇವ್ರ ಕಾರ್ಯ ಇದು."

ರಾಚಮ್ಮ ಬಾಯಿ ಮುಚ್ಚಲಿಲ್ಲ. ಸೊಸೆ ಸುಧಾಮಣಿ ಹೆತ್ತು ಒಂಬತ್ತು ದಿನ. ಮೈಮೇಲೆ ಒಂದು ಚೊಂಬು ಬಿಸಿನೀರು ಬಿದ್ದಿಲ್ಲ. ಕಾಲೋನಿಯ ನಲ್ಲಿ ಒಣಗಿ ಹತ್ತು ದಿನವಾಗಿತ್ತು. ಚರ್ಚಿನ ಬೋರ್‌ವೆಲ್ಲಿನಲ್ಲಿ ಬೇಕಾದಷ್ಟು ನೀರು. ಕಾಲೋನಿ ಹೆಂಗಸರು ಗಲೀಜು ಮಾಡುತ್ತಾರೆಂದು ದೊರೆಸ್ವಾಮಿ ಮೋಟ್ರು ರೂಮಿಗೆ ಬೀಗ ಜಡಿದಿದ್ದ.

"ಒಂದ್ ಕೊಡ ನೀರ್ ಕೊಡ್ಸಿ ಬುದ್ಧಿ. ಬಾಣಂತಿ ನಾರ್ತಾವ್ಳೆ. ನನ್ ಕಾಲೂ ತೊಳ್ಕತೀನಿ."

"ನಿಂಗೊಂದ್ ಕೊಡ ಕೊಟ್ರೆ ಕಾಲೋನಿಗ್ ಕಾಲೋನಿನೇ ಸಾಲು ನಿಂತ್ಕತದೆ. ಯೇಸುಸ್ವಾಮಿ ಬಾಯಾರ್ಕಂಡೇ ಸಿಲುಬೆ ಮ್ಯಾಲೆ ಪ್ರಾಣ ಬುಟ್ರು. ನಿಮ್ಗೆ ಅತ್ ದಿನ ತಡ್ಕಳಕ್ಕಾಗಕಿಲ್ವಾ?"

ಮಾರನೇ ದಿನ ಸಂಜೆ ರಾಚಮ್ಮ ಅರಿಸಿನದ ಒಲೆಯಿಂದ ನೆಟ್ಟಗೆ ಚರ್ಚಿಗೆ ಬಂದಳು. ಕಾಲು ಹೇಗಿತ್ತೋ ಹಾಗೇ. ದೊರೆಸ್ವಾಮಿ ಹಲ್ಲು ಕಡಿಯುತ್ತಾ ಬಗ್ಗಿ ಪೌಡರು ಉದುರಿಸಿದ. ಆ ದಿನ ಅವಳ ಕಾಲಿಗೆ ಮೊದಲು ಬಗ್ಗಿದವನು ಇವನೇ.

ಯೇಸು ಟವೆಲ್ ಕಟ್ಟಿಕೊಂಡು ಸೇವಕನಾದ, ನಾವೂ ದಿನನಿತ್ಯದ ಬದುಕಿನಲ್ಲಿ ಸೇವಕರಾಗೋಣ ಎಂದು ಗುರುಗಳು ಮುಕ್ಕಾಲು ಗಂಟೆ ಬೋಧಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವನು ದೊರೆಸ್ವಾಮಿ. ಹಿಂದೆ ನೆಲದ ಮೇಲೆ ಕೂತ ಕಾಲೋನಿಯವರು ಒಣಗಿದ ತುಟಿ ಸವರಿಕೊಂಡರು.

ಕ್ಯಾಮೆರಾಗೆ ಚೆನ್ನಾಗಿರಲಿ ಎಂದು ರಾಚಮ್ಮನನ್ನೇ ಮೊದಲು ಕೂರಿಸಿದ್ದರು. ಕೊಡದ ತುಂಬ ನೀರು, ತೇಲುವ ಗುಲಾಬಿ ಎಸಳು. ಗುರುಗಳ ಕೈ ತಣ್ಣಗಾಗಬಾರದೆಂದು ಕಾಯಿಸಿದ್ದರು. ಅವಳು ಒಂದು ಬೆರಳು ಅದ್ದಿ ನೋಡಿದಳು. ಬಾಣಂತಿಗೆ ಹೇಳಿ ಮಾಡಿಸಿದ ಹದ.

"ಪಾದ ಕೊಡಮ್ಮಾ," ಗುರುಗಳು ಮಂಡಿಯೂರಿದರು.

ರಾಚಮ್ಮ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. "ಬ್ಯಾಡಿ ಸ್ವಾಮೇರೆ. ಇದು ಇಂಗೇ ಇರ್ಲಿ."

ಗುರುಗಳು ಕ್ಯಾಮೆರಾ ಕಡೆ ನಕ್ಕರು. "ಶಿಷ್ಯ ಪೇತ್ರನೂ ಯೇಸುವಿಗೆ ಮೊದಲು ಹೀಗೇ ಬೇಡ ಅಂದನಮ್ಮಾ."

"ಅವ್ರ್ ಮನೇಲಿ ಬಾಣಂತಿ ಇದ್ದಿರಾಕಿಲ್ಲ," ಅಂದವಳೇ ಎದ್ದು ಕೊಡವನ್ನು ಸೊಂಟಕ್ಕೇರಿಸಿದಳು.

"ಇಳ್ಸಮ್ಮಿ! ಲೈವ್ ಓಯ್ತಾ ಅದೆ!" ದೊರೆಸ್ವಾಮಿ ನುಗ್ಗಿದ. ಕ್ಯಾಮೆರಾ ತನ್ನತ್ತ ತಿರುಗಿದ್ದು ಕಂಡು ಅಲ್ಲೇ ನಿಂತು, ಕೈ ಮುಗಿದು ಹಲ್ಲು ಕಿರಿದ.

ಟವೆಲ್ ಹಿಡಿದ ಗುರುಗಳು ಮಂಡಿಯ ಮೇಲೇ ಉಳಿದರು. ಹಿಂದಿನ ನೆಲದಲ್ಲಿದ್ದ ಪುಟ್ಟಮಾದಮ್ಮ ದಾರಿ ಬಿಟ್ಟು, "ಊವಿನ ಎಸ್ಳವೆ ಕಣಕ್ಕ ಅದ್ರಲ್ಲಿ," ಅಂದಳು.

"ಸೋಸ್ಕತೀನಿ ಬುಡು. ಇನ್ನೂ ಅನ್ನೊಂದ್ ಜೊತೆ ಕಾಲವೆ. ತೊಳೀಬೇಕು ಅಂದ್ರೆ ಆ ಮೋಟ್ರು ರೂಮ್ ಬೀಗ ತಗೀಲೇಬೇಕು. ಎಲ್ರೂ ಕೊಡ ತಕ್ಕಂಡ್ ಬನ್ರಮ್ಮಿ!"