ಒನಕೆಯ ಆಣಿ

ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು. ಬಚ್ಚಲ ಬಾಗಿಲಲ್ಲಿ ರುಕ್ಮಯ್ಯ ಆಚಾರಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದ.

“ಇದರಲ್ಲಿದ್ದ ಮರದ ಆಣಿಗಳೆಲ್ಲಿ ಮಾರಾಯ್ತಿ?”

ಸೇಸಮ್ಮ ಒಲೆಯ ಕಡೆ ತಿರುಗಿ ನೋಡಿದಳು. ಗಂಡ ಕೆತ್ತಿ ಉಳಿದ ಚಕ್ಕೆಯೆಲ್ಲ ಅವಳ ಒಲೆಗೇ ಸಲ್ಲುವುದು. ಇದೂ ಚಕ್ಕೆಯೆಂದುಕೊಂಡು ಬುಟ್ಟಿಯನ್ನೇ ಒಲೆಗೆ ಸುರಿದಿದ್ದಳು. ಬಿಸಿಗೆ ಒಣಗಲೆಂದು ಅವನೇ ಅಲ್ಲಿಟ್ಟದ್ದಂತೆ. ಒಂದು ಮಾತು ಹೇಳಬಾರದಿತ್ತೇ, ಪುಣ್ಯಾತ್ಮ!

ಅವನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಜಗಲಿಯಲ್ಲಿ ತಲೆಗೆ ಕೈಕೊಟ್ಟು ಕೂತುಬಿಟ್ಟ. ನಾಳೆ ಬೆಳಿಗ್ಗೆಯೇ ನೆರಿಯ ಊರಿನ ದೈವದ ಗುಡಿಗೆ ಹೊಸ ಮಾಡು ಕೂರಿಸುವ ಮುಹೂರ್ತ. ಆ ಗುಡಿಯ ಮರಕ್ಕೆ ಕಬ್ಬಿಣದ ಮೊಳೆ ಹೊಡೆಯುವ ಕ್ರಮವಿಲ್ಲ. ಮಾಡಿನ ತೊಲೆಯನ್ನೂ ಹೆಂಚು ಹೊರುವ ಪಕ್ಕಾಸನ್ನೂ ಹಿಡಿದು ನಿಲ್ಲಿಸುವುದು ಮರದ ಆಣಿಯೇ.

“ಗುರುವಾಯನಕೆರೆಯ ಮರದ ಮಿಲ್ಲಿನಲ್ಲಿ ಸಿಗುದಿಲ್ವಾ?”

“ಅಲ್ಲಿರುದು ಹಸಿ. ಹಸಿ ಆಣಿ ಒಣಗಿದ್ರೆ ಸಡಿಲ ಆಗ್ತದೆ. ಗುಡಿಯ ಮೊಕ್ತೇಸರರಿಗೆ ಫೋನ್ ಮಾಡ್ತೇನೆ, ನನ್ನಿಂದ ಆಗುದಿಲ್ಲ ಅಂತ.”

ಆ ಮಾತು ಅವನ ಬಾಯಲ್ಲಿ ಅವಳು ಯಾವತ್ತೂ ಕೇಳಿರಲಿಲ್ಲ. ಹಳೆಯ ಮಾಡು ಬಿಚ್ಚಿದ ದಿನ ಅವನು ತನ್ನ ಅಜ್ಜ ಹೊಡೆದ ಆಣಿಯೊಂದನ್ನು ಮನೆಗೆ ತಂದಿದ್ದ. “ಪಕ್ಕಾಸನ್ನೇ ಗೆದ್ದಲು ತಿಂದಿದೆ. ಇದಕ್ಕೆ ಏನಾದ್ರೂ ಆಗಿದೆಯಾ ನೋಡು!” ಎಂದು ಊಟ ಮರೆತು ಅದನ್ನೇ ತಿರುಗಿಸಿ ನೋಡುತ್ತಿದ್ದ. ಎಂಥ ಕೈ, ಎಂಥ ಕೆಲಸ! ಅಂಥವರ ಮೊಮ್ಮಗ ಈಗ ಹೆಂಡತಿಯಿಂದಾಗಿ ತಲೆ ತಗ್ಗಿಸಬೇಕೇ?

ಸೇಸಮ್ಮ ಒಳಗೆ ಹೋಗಿ ಒನಕೆ ತಂದು ಅವನ ಮುಂದಿಟ್ಟಳು. ತವರಿನಿಂದ ತಂದದ್ದು, ಅಡುಗೆಮನೆಯ ಹೊಗೆಯಲ್ಲಿ ಕಪ್ಪಾಗಿತ್ತು. ಅಕ್ಕಿ ಮಿಲ್ಲು ಬಂದ ಮೇಲೂ ಅವಲಕ್ಕಿಯನ್ನು ಅವಳು ಅದರಲ್ಲೇ ಕುಟ್ಟುತ್ತಿದ್ದಳು.

“ಹುಚ್ಚಾ ನಿನಗೆ? ನಿನ್ನ ಅಪ್ಪ ಕೊಟ್ಟದ್ದು!”

“ಅದಕ್ಕೇ ಹೇಳುದು, ಒಣಗಿ ಗಟ್ಟಿ ಉಂಟು. ಇದರಲ್ಲೇ ಆಣಿ ಮಾಡಿ. ತುದಿಯ ಕಬ್ಬಿಣದ ಬಳೆ ತೆಗೀರಿ. ಗರಗಸ ಎಲ್ಲುಂಟು?”

ರುಕ್ಮಯ್ಯ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಠಣ್ಣೆಂದಿತು. ಅವನ ಮುಖದಲ್ಲಿ ಜೀವ ಬಂತು. ಅವಳು ಇನ್ನೊಂದು ತುದಿ ಹಿಡಿದು ಕೂತಳು. ಗರಗಸ ಕಚ್ಚಿದಾಗ ಮಾತ್ರ ಮುಖ ಆಚೆ ತಿರುಗಿಸಿದಳು.

ಮರುದಿನ ಮಾಡಿನ ಮೇಲೆ ಕೂತ ರುಕ್ಮಯ್ಯ ಮರದ ಕೊಡತಿ ಎತ್ತಿ ಮೊದಲ ಆಣಿ ಹೊಡೆದ. ಬಿರುಕಿಲ್ಲ. ಮೊಕ್ತೇಸರ ಸುಧಾಕರ ಕೆಳಗಿನಿಂದಲೇ ಪಕ್ಕಾಸಿನ ತುದಿ ಹಿಡಿದು ಅಲುಗಿಸಿದರು. ಕೂದಲೆಳೆಯಷ್ಟೂ ಕದಲಲಿಲ್ಲ.

“ಭಾರೀ ಗಟ್ಟಿ ಉಂಟಲ್ಲ ಆಚಾರ್ರೇ! ಎಲ್ಲಿಯ ಮರ?”

“ಮನೆಯದ್ದೇ,” ಎಂದ ರುಕ್ಮಯ್ಯ, ಕೆಳಗೆ ಹೆಂಗಸರ ನಡುವೆ ಹೆಂಡತಿಯನ್ನು ಹುಡುಕುತ್ತ.

ಸೇಸಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ಕೊಡತಿ ಬಿದ್ದಾಗಲೆಲ್ಲ, ಅವಲಕ್ಕಿ ಕುಟ್ಟುವಾಗಿನ ಹಾಗೆಯೇ, ‘ಹುಂ’ ಎಂದು ಅವಳ ಉಸಿರು ಹೊರಬೀಳುತ್ತಿತ್ತು.