ಬಾನಿಯ ತುಂಬ ಬಸುರಿ

ಹಣಮಂತಮ್ಮನಿಗೆ ಸಾಕುಸಾಕಾಗಿತ್ತು. ತುಂಬಿದ ಹೊಟ್ಟೆ ಹೊತ್ತುಕೊಂಡು ಮಣ್ಣಿನ ಬಾನಿಯ ಮುಂದೆ ಕೂತು, ಓಡಾಡುವ ಮೀನುಗಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಹುಡುಕುವುದೇ ದಿನಾ ಕೆಲಸ. ಯಾದಗಿರಿಯ ಹೊಳೆದಂಡೆಯ ಈ ಓಣಿಯಲ್ಲಿ ಇಷ್ಟು ಮಂದಿ ಬಲೆ ಹಾಕಿ ಬದುಕುತ್ತಾರಲ್ಲ, ಮನೆಯೊಳಗೆ ಮೀನು ಸಾಕಿದವರು ಯಾರಾದರೂ ಇದ್ದಾರೆಯೆ?

ಎಲ್ಲ ಗಂಡ ಮರಿಲಿಂಗಪ್ಪ ತಂದಿಟ್ಟದ್ದು. ಸಾರಿಗಾದೀತೆಂದು ಜೀವಂತ ಕೊರವ ಮೀನೊಂದನ್ನು ಹವೇಲಿಯ ಅಮೀನುದ್ದೀನ ಸಾಹೇಬರಿಗೆ ಕೊಟ್ಟು ಬಂದಿದ್ದ. ಸಾಹೇಬರು ಅದನ್ನು ಸಾರಿಗೆ ಹಾಕದೆ, ಮುಂಬಯಿಯಿಂದ ರೈಲಿನಲ್ಲಿ ತರಿಸಿದ್ದ ಗಾಜಿನ ಪೆಟ್ಟಿಗೆಯೊಳಗೆ ಬಿಟ್ಟರು. ಕೊರವ ಸತ್ತದ್ದನ್ನು ಮೂಸಿಯೂ ನೋಡದು. ಕಣ್ಣೆದುರು ಓಡುವ ಮೀನೇ ಆಗಬೇಕು. ದಿನಾ ಜೀವಂತ ಮೀನು ಮುಟ್ಟಿಸುವುದಾದರೆ ಬೇಸಿಗೆಯಲ್ಲಿ ನಮ್ಮ ಹಕ್ಕಿನ ಮಡುವಿಗೆ ಬಲೆ ಹಾಕುವವನು ನೀನೇ ಎಂದರು ಸಾಹೇಬರು. ಭೀಮಾ ಬತ್ತಿದಾಗ ಮೀನೆಲ್ಲ ಬಂದು ಸೇರುವುದು ಆ ಮಡುವಿಗೇ. ಅದು ಕೈತಪ್ಪಿದರೆ ಮಳೆ ಬರುವ ತನಕ ಬಲೆಯನ್ನು ಗೂಟಕ್ಕೆ ತೂಗುಹಾಕಿ ಕೂಡುವುದಷ್ಟೆ.

ಹೊಳೆಯಲ್ಲಿ ಹಿಡಿದ ಸಣ್ಣ ಮೀನು ಬಿಸಿಲಿಗೆ ದಾರಿಯಲ್ಲೇ ಸಾಯತೊಡಗಿತು. ಆಗ ಮರಿಲಿಂಗಪ್ಪ, ಸೊಳ್ಳೆಮರಿ ತಿನ್ನಲೆಂದು ದವಾಖಾನೆಯವರು ಬಾವಿಗೆ ಬಿಟ್ಟಿದ್ದ ಪರದೇಶಿ ಮೀನು ತಂದು ಹಿತ್ತಲ ಬಾನಿಯಲ್ಲಿ ಹಾಕಿದ. "ಭಾಳ ಲಗೂ ಹೆಚ್ಚತಾವು. ನೀ ಏನೂ ಮಾಡಬೇಕಿಲ್ಲ, ನುಚ್ಚ ಉದುರಸು ಸಾಕು" ಅಂದ.

ಏನೂ ಮಾಡಬೇಕಿಲ್ಲವಂತೆ. ನೀರು ಬದಲಿಸಬೇಕು, ಬೆಕ್ಕು ಕಾಯಬೇಕು. ಹಡೆದ ತಾಯಿಯೇ ಮರಿ ನುಂಗುವುದರಿಂದ ಹೊಳೆಯ ಪಾಚಿ ತಂದು ಮರಿಗಳಿಗೆ ಮರೆ ಮಾಡಬೇಕು. ಅವನೋ, ನಸುಕಿನಲ್ಲೇ ಮಡುವಿಗೆ ಹೋಗಿರುತ್ತಿದ್ದ.

ಇದೂ ಹೋಗಲಿ ಅಂದರೆ ಅತ್ತೆ ಸಾಯಬಮ್ಮ. ಮನೆಯೊಳಗೆ ಬಸುರಿ ಇರುವಾಗ ಆ ಮನೆಯಿಂದ ಬಸುರಿ ಜೀವ ಸಾವಿಗೆ ಹೋಗಕೂಡದು ಎಂಬುದು ಆ ಮನೆತನದ ಕಟ್ಟಳೆ. ತತ್ತಿ ತುಂಬಿದ ಮೀನು ಬಲೆಗೆ ಬಿದ್ದರೆ ತಿರುಗಿ ನೀರಿಗೆ ಬಿಡುತ್ತಾರೆ. ಮೀನಿಗೆ ತತ್ತಿ ತುಂಬುವುದು ಮಳೆಗಾಲಕ್ಕಲ್ಲವೆ, ಬೇಸಿಗೆಯಲ್ಲಿ ಏನು ತೊಡಕು ಎಂದುಕೊಂಡಿದ್ದ ಮರಿಲಿಂಗಪ್ಪ. ಈ ಪರದೇಶಿ ಮೀನು ತತ್ತಿಯನ್ನೇ ಇಡಲಿಲ್ಲ. ಸೀದಾ ಮರಿ ಹಾಕಿತು. ಹಾಕಿದ ಮೇಲೆ ಮತ್ತೆ ಹೊಟ್ಟೆ. ಹೊಟ್ಟೆಯಿಲ್ಲದ ಹೆಣ್ಣು ಬಾನಿಯಲ್ಲಿ ಹುಡುಕಿದರೂ ಸಿಗದು. ಹಾಗಾಗಿ ಕೊರವನ ಪಾಲಿಗೆ ಬರೀ ಗಂಡು, ಕಡ್ಡಿಯಂಥವು.

ಹವೇಲಿಯ ಮುದುಕ ಆಳು ಯೂನುಸ ಅವತ್ತು ಮಧ್ಯಾಹ್ನ ಚರಿಗೆ ಹಿಡಿದು ಬಂದ.

"ಏನವ್ವಾ, ದಿನಾ ಹಲ್ಲಕಡ್ಡಿ ಕೊಟ್ಟು ಕಳಸ್ತಿ. ಕೊರವ ಹಸದು ಗಾಜಿಗಿ ಹಾಯಾಕತ್ತೈತಿ, ಸಾಹೇಬರು ನನಗ ಹಾಯಾಕತ್ತಾರ."

"ಇವತ್ತ ಅವೂ ಇಲ್ಲ ಚಾಚಾ. ಗಂಡು ಮುಗದಾವು."

"ಅಷ್ಟು ದಪ್ಪದಪ್ಪವು ತಿರಗಾಡಾಕತ್ತಾವಲ್ಲ?"

"ಅವು ಬಸುರಿ ಅದಾವ" ಎಂದಳು ಸಾಯಬಮ್ಮ ಒಳಗಿನಿಂದ.

"ಎಲ್ಲಾ?"

"ಎಲ್ಲಾ."

ಯೂನುಸ ಅಲ್ಲೇ ಕುಕ್ಕರಿಸಿದ. "ಯಮ್ಮಾ, ವಡಗೇರಾದ ಮೀನಗಾರರು ಮಡು ಕೇಳಾಕ ಬಂದು ಹವೇಲಿ ಬಾಗಲದಾಗ ಕುಂತಾರ. ನಾ ಖಾಲಿ ಚರಿಗಿ ಒಯ್ದರ ಮಡು ಇವತ್ತೇ ಅವರ ಪಾಲು. ಆಮ್ಯಾಲ ನನ್ನ ಬೈಬ್ಯಾಡ್ರಿ."

ಸಾಯಬಮ್ಮ ಬಂದು ಬಾನಿಗೆ ಅಡ್ಡ ನಿಂತಳು. "ಹೋದ್ರ ಹೋಗ್ಲಿ. ನನ್ನ ಸೊಸಿ ಹೊಟ್ಟಿ ಜೋಡಿ ಆಟ ಬ್ಯಾಡ."

"ಮಡು ಹೋದ್ರ ಈ ಹೊಟ್ಟಿಗಿ ಏನ್ ಹಾಕ್ತಿ ಅತ್ತಿ?"

"ದೇವರು ಹಾಕ್ತಾನ."

"ದೇವರಿಗಿ ಬಲಿ ಬೀಸಾಕ ಬರತೈತೇನು?"

ಸಾಯಬಮ್ಮ ಜಗ್ಗಲಿಲ್ಲ. ಹಣಮಂತಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ಬಸುರಿ ಮನಿಯಾಗ ಇದ್ರ ತಾನ ಕೊಡಬಾರದು? ನಾ ಹೊರಗ ಹೊಂಟೆ. ಮನಿಯಾಗ ಈಗ ಯಾವ ಬಸುರಿನೂ ಇಲ್ಲ. ಕೊಡು."

ಹಾಗೆಂದು ಹೊಸ್ತಿಲು ದಾಟಿ ನಿಂತಳು. ಸಾಯಬಮ್ಮ ಹಿಂದೆಯೇ ಬಂದು ಇಣುಕಿದಳು. "ಹೊಸ್ತಿಲಿಗಿ ಹತ್ತಿ ನಿಂತೀದಿ. ಅದೂ ಮನೀನ."

ಹಣಮಂತಮ್ಮ ಕಟ್ಟೆ ಇಳಿದಳು.

"ಆ ನೆಳ್ಳು ನಮ್ಮ ಮನೀದು."

ನೆರಳನ್ನೂ ಬಿಟ್ಟು ಓಣಿಯ ನಡುವೆ ಹೋಗಿ ನಿಂತಳು. ಬರಿಗಾಲು, ಕಾದ ನೆಲ. ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಟ್ಟಳು, ಅದು ಸುಟ್ಟಾಗ ಇದನ್ನು ಇಳಿಸಿದಳು. "ಇನ್ನೂ ಸರೀಲೇನು? ಸುರಪುರ ತನಕ ಹೋಗ್ಲೇನು?"

"ಹಣಮಿ, ತಲಿ ಮ್ಯಾಲ ಸೆರಗರ ಹಾಕ್ಕೋ."

"ಕೊಡೋ ತನಕ ಹಿಂಗ ನಿಂದರತೀನಿ."

ಸಾಯಬಮ್ಮ ಸೊಸೆಯ ಮುಖ ನೋಡಿದಳು, ಕೆಂಪಾಗಿ ಬೆವರು ಇಳಿಯುತ್ತಿದ್ದ ಕುತ್ತಿಗೆ ನೋಡಿದಳು, ಹೊಟ್ಟೆ ನೋಡಿದಳು. ಆಮೇಲೆ ದಡದಡ ಒಳಗೆ ಹೋದಳು. ತನ್ನ ಸೆರಗನ್ನೇ ಬಾನಿಗೆ ಅದ್ದಿ, ಮುಖ ಆ ಕಡೆ ತಿರುಗಿಸಿಕೊಂಡು, ಬಂದಷ್ಟನ್ನು ಬಾಚಿ ಚರಿಗೆಗೆ ಸುರಿದಳು. ಎಂಥವು ಬಂದವೆಂದು ನೋಡಲೂ ಇಲ್ಲ.

"ನಡಿ ಇನ್ನ, ಲಗೂ ನಡಿ" ಎಂದು ಯೂನುಸನನ್ನು ತಳ್ಳಿಕೊಂಡೇ ಹೊರಗೆ ತಂದಳು. "ನೀ ಓಣಿ ದಾಟೂ ತನಕ ಅಕಿ ಒಳಗ ಬರಂಗಿಲ್ಲ. ಹುಡುಗಿ ಕಾಲು ಸುಡಾಕತ್ತಾವು."

ಯೂನುಸ ಚರಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು ಓಡುನಡಿಗೆಯಲ್ಲಿ ಹೊರಟ. ಓಣಿಯ ತಿರುವಿನಲ್ಲಿ ನಿಂತು ಕೇಳಿದ: "ನಾಳೆ ಎಷ್ಟೊತ್ತಿಗಿ ಬರ್ಲಿ ಯಮ್ಮಾ?"

ಹಣಮಂತಮ್ಮ ಅತ್ತೆಯ ಕಡೆ ನೋಡಿದಳು. ಸಾಯಬಮ್ಮ ಒದ್ದೆ ಸೆರಗು ಹಿಂಡುತ್ತ, ಯಾರ ಕಡೆಗೂ ನೋಡದೆ, "ಬಿಸಲೇರೂಕಿಂತ ಮೊದಲ ಬಾ" ಅಂದಳು.